ಯುದ್ಧಚಿತ್ರದ ಈ ಮೂರು ಲಾರಿಗಳು ಯಾವುವು? (ಚಿತ್ರದ ಹೆಸರು ಹೇಳುವುದಿಲ್ಲ)

ಖಡಕಿ ಕನ್ನಡಿಗ, ಪುಣೆ

ಹಿಂದಿ ಯುದ್ಧಚಿತ್ರವೊಂದರಿಂದ ತೆಗೆದ ಮೂರು ಫ್ರೇಮ್‌ಗಳನ್ನು ಹಾಕಿದ್ದೇನೆ. ಕಥೆ ನಡೆಯುವುದು 1971ರ ಡಿಸೆಂಬರಿನಲ್ಲಿ, ಪಶ್ಚಿಮದ ಮರಳುಗಾಡಿನ ಗಡಿಯಲ್ಲಿ. ಚಿತ್ರದ ಹೆಸರನ್ನು ಬೇಕೆಂದೇ ಹೇಳುತ್ತಿಲ್ಲ. ಹೇಳಿದರೆ ಅರ್ಧ ಜನ ಎಲ್ಲಿಂದಲೋ ಉತ್ತರ ಹುಡುಕಿ ತಂದು ಸುರಿಯುತ್ತೀರಿ, ಇನ್ನರ್ಧ ಜನ ನಾಯಕನ ನಟನೆಯ ಬಗ್ಗೆ ಜಗಳಕ್ಕೆ ಇಳಿಯುತ್ತೀರಿ. ನನಗೆ ಬೇಕಾದದ್ದು ಲಾರಿ ಮಾತ್ರ. ಯಾರ ತಯಾರಿಕೆ, ಯಾವ ಮಾದರಿ, ನಿಮಗೆ ಅದು ಯಾವ ಗುರುತಿನಿಂದ ತಿಳಿಯಿತು. ಗುರುತು ಹೇಳದೆ ಬರೀ ಹೆಸರು ಹೇಳಿದವರಿಗೆ ಅಂಕವಿಲ್ಲ.

ಮೊಬೈಲಿನಲ್ಲಿ ಸರಿಯಾಗಿ ಕಾಣದವರಿಗಾಗಿ ವಿವರ ಕೊಡುತ್ತೇನೆ.

ಫ್ರೇಮ್ 1: ಹಗಲು. ಧೂಳೆಬ್ಬಿಸುತ್ತ ಬರುತ್ತಿರುವ ಸಾಲಿನ ಮೊದಲ ಲಾರಿ. ಮುಂದಕ್ಕೆ ಚಾಚಿದ ಗುಂಡನೆಯ ಬಾನೆಟ್, ದಪ್ಪ ಮಡ್‌ಗಾರ್ಡ್, ಬಲಗಡೆ ಸ್ಟೀರಿಂಗ್. ನಂಬರ್ ಪ್ಲೇಟಿನಲ್ಲಿ ಮೇಲ್ಮುಖವಾದ ಬಾಣ, ಅದರ ನಂತರ 94 ಎಂದು ಓದಬಹುದು. ಹಿಂದಿನ ಧೂಳಿನಲ್ಲಿ ಚಪ್ಪಟೆ ಮುಖದ ಇನ್ನೊಂದು ಲಾರಿಯ ಮೇಲ್ಭಾಗ.

ಫ್ರೇಮ್ 2: ಶತ್ರು ಪಾಳೆಯ. ಚಿಕ್ಕ ಲಾರಿ. ಕ್ಯಾನ್ವಾಸ್ ಮಾಡು, ಮಡಚಬಹುದಾದ ಮುಂಗಾಜು, ತಟ್ಟೆಯಂಥ ಮಡ್‌ಗಾರ್ಡ್, ಎಡಗಡೆ ಸ್ಟೀರಿಂಗ್. ಪಾಕಿಸ್ತಾನಿ ಮೇಜರನ ಪಾತ್ರಧಾರಿ ಬಾನೆಟ್ ಮೇಲೆ ಕೈಯಿಟ್ಟು ನಿಂತಿದ್ದಾನೆ.

ಫ್ರೇಮ್ 3: ರಾತ್ರಿ. ಕೆಂಪು ಶಿಲುಬೆ ಬಳಿದ ಲಾರಿ ಪಕ್ಕದಿಂದ ಕಾಣುತ್ತದೆ. ಟಾರ್ಚಿನ ಬೆಳಕು ಮುಂದಿನ ಚಕ್ರದ ಮೇಲೆ ಬಿದ್ದಿದೆ. ಮೊಂಡು ಮೂಗು, ಬಾಗಿಲಿನ ಅರ್ಧ, ಹಿಂಚಕ್ರಗಳ ಅಂಚು. ಅಷ್ಟೇ.

ಬೆಳಗಾವಿ ಕಡೆಯವಳು, ಪುಣೆ

ಒಂದನೆಯದು ಶಕ್ತಿಮಾನ್. ಇದಕ್ಕೆ ಚರ್ಚೆ ಏಕೆ ಬೇಕು? ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಕೇಂದ್ರದ ಆಸುಪಾಸಿನಲ್ಲಿ ಬೆಳೆದವರಿಗೆ ಈ ಬಾನೆಟ್ ಕತ್ತಲಲ್ಲಿ ತೋರಿಸಿದರೂ ಗೊತ್ತಾಗುತ್ತದೆ. ಶಾಲೆಗೆ ಹೋಗುವಾಗ ಇವುಗಳ ಸಾಲು ಬಂದರೆ ಸೈಕಲ್ ಇಳಿದು ನಿಲ್ಲುತ್ತಿದ್ದೆವು. ಹಿಂದೆ ಕುಳಿತ ಜವಾನರಿಗೆ ಕೈ ಬೀಸಿದರೆ ಒಬ್ಬರಾದರೂ ತಿರುಗಿ ಬೀಸುತ್ತಿದ್ದರು.

ಅಂಕ ಬೇಕಾದವರಿಗಾಗಿ ವಂಶಾವಳಿ: ಜರ್ಮನಿಯ ಎಂಎಎನ್ ಕಂಪನಿಯ ಪರವಾನಗಿಯಲ್ಲಿ, ಕೃಷ್ಣ ಮೆನನ್ ರಕ್ಷಣಾ ಮಂತ್ರಿಯಾಗಿದ್ದಾಗ, 1959ರಲ್ಲಿ ಜಬಲ್ಪುರದಲ್ಲಿ ತಯಾರಿಕೆ ಶುರುವಾಯಿತು. ಮೊದಲು ಗನ್ ಕ್ಯಾರೇಜ್ ಕಾರ್ಖಾನೆಯಲ್ಲಿ, ಆಮೇಲೆ 1969ರಲ್ಲಿ ಆರಂಭವಾದ ವಾಹನ ಕಾರ್ಖಾನೆಯಲ್ಲಿ. 1996ರವರೆಗೂ ಬಂತು. ಆದ್ದರಿಂದ 1971ರ ಕಥೆಯಲ್ಲಿ ಶಕ್ತಿಮಾನ್ ಇರುವುದು ಸರಿಯಾಗಿಯೇ ಇದೆ.

ಡಾಡ್ಜ್ ಭಕ್ತ, ಮುಂಬೈ

ಎರಡನೆಯದಕ್ಕೆ ನನ್ನ ಉತ್ತರ ಬರೆದುಕೊಳ್ಳಿ: ಡಾಡ್ಜ್ ಎಂ37, ಅಮೆರಿಕ, ಮುಕ್ಕಾಲು ಟನ್, ನಾಲ್ಕೂ ಚಕ್ರಕ್ಕೆ ಚಾಲನೆ. 1951ರಿಂದ 1968ರವರೆಗೆ ತಯಾರಾಯಿತು. ತಟ್ಟೆ ಮಡ್‌ಗಾರ್ಡ್, ಮಡಚುವ ಗಾಜು, ಎಲ್ಲಕ್ಕಿಂತ ಮುಖ್ಯವಾಗಿ ಎಡಗಡೆ ಸ್ಟೀರಿಂಗ್. ಭಾರತದ ಸೇನೆಯ ಮಾಮೂಲಿ ಗಾಡಿಗಳೆಲ್ಲ ಬಲಗಡೆಯವು. 1954ರ ಒಪ್ಪಂದದ ನಂತರ ಪಾಕಿಸ್ತಾನಕ್ಕೆ ಅಮೆರಿಕದ ಸೇನಾ ನೆರವು ಹರಿದು ಬಂತು. ಅಂದಮೇಲೆ ಆ ಪಾಳೆಯದಲ್ಲಿ ಅಮೆರಿಕದ ಗಾಡಿ ಇರುವುದು ಸಹಜ. ನಿರ್ದೇಶಕರು ಶ್ರದ್ಧೆಯಿಂದ ಕೆಲಸ ಮಾಡಿದ್ದಾರೆ, ಎಲ್ಲಿಂದಲೋ ಒಂದು ಅಸಲಿ ಎಂ37 ಹುಡುಕಿ ತಂದಿದ್ದಾರೆ.

ಮುಂಬೈನವರಿಗೆ ಡಾಡ್ಜ್ ಹೊಸದಲ್ಲ. ಕುರ್ಲಾದಲ್ಲಿ ವಾಲ್‌ಚಂದ್ ಹೀರಾಚಂದ್ ಅವರ ಪ್ರೀಮಿಯರ್ ಕಾರ್ಖಾನೆ ಡಾಡ್ಜ್, ಫಾರ್ಗೋ ಲಾರಿಗಳನ್ನು ಜೋಡಿಸುತ್ತಿತ್ತು. ನಮ್ಮ ತಂದೆಯ ಕಾಲದವರು ಭಾರದ ಸಾಮಾನು ಸಾಗಿಸುವುದಕ್ಕೆ ‘ಫಾರ್ಗೋ ಕರೆಸು’ ಎನ್ನುತ್ತಿದ್ದರು. ಈ ಮುಖ ನನ್ನ ರಕ್ತದಲ್ಲಿದೆ.

ಪಿಂಪ್ರಿ ಫಿಟ್ಟರ್, ಪುಣೆ

ಒಂದನೆಯ ಫ್ರೇಮಿನಲ್ಲಿ ಎಲ್ಲರೂ ಮುಂದಿನ ಲಾರಿ ನೋಡುತ್ತಿದ್ದೀರಿ. ಹಿಂದಿನ ಧೂಳಿನಲ್ಲಿ ಅಡಗಿರುವ ಚಪ್ಪಟೆ ಮುಖದ ಲಾರಿ ಅಶೋಕ್ ಲೇಲ್ಯಾಂಡ್ ಸ್ಟಾಲಿಯನ್. ಎಂಜಿನ್ ಮೇಲೆಯೇ ಕ್ಯಾಬಿನ್, ಬಾನೆಟ್ ಇಲ್ಲ, ಚೌಕದ ಮುಂಗಾಜು. ಇದು ಜಬಲ್ಪುರದಲ್ಲಿ ಜೋಡಣೆಯಾಗಿ ದೊಡ್ಡ ಸಂಖ್ಯೆಯಲ್ಲಿ ಸೇನೆಗೆ ಬಂದದ್ದು 1990ರ ದಶಕದ ಕೊನೆಯ ಹೊತ್ತಿಗೆ. 1971ರಲ್ಲಿ ಅದರ ನಕಾಶೆ ಕೂಡ ಇರಲಿಲ್ಲ. ಚಿತ್ರತಂಡ ಶಕ್ತಿಮಾನ್‌ಗಳನ್ನು ಮುಂದೆ ನಿಲ್ಲಿಸಿ, ಸಾಲು ಉದ್ದ ಕಾಣಲಿ ಎಂದು ಹಿಂದೆ ಸ್ಟಾಲಿಯನ್ ತುಂಬಿಸಿದೆ. ಧೂಳು ಮುಚ್ಚುತ್ತದೆ ಎಂದುಕೊಂಡಿರಬೇಕು.

ಮೂರನೆಯದಕ್ಕೆ ಈಗಲೇ ಹೆಸರು ಹೇಳುವುದಿಲ್ಲ. ಒಂದೇ ಮಾತು: ಮುಂದಿನ ಚಕ್ರದ ಹಬ್, ಅಂದರೆ ಚಕ್ರದ ನಡುಭಾಗ, ನೋಡಿ.

ದೇಹು ರೋಡ್ ಹವಾಲ್ದಾರ್, ಪುಣೆ

ಎಲ್ಲರಿಗೂ ನಮಸ್ಕಾರ. ನಾನು ಎಎಸ್‌ಸಿಯಲ್ಲಿ, ಅಂದರೆ ಸೇನೆಯ ಸರಬರಾಜು-ಸಾಗಣೆ ದಳದಲ್ಲಿ, ಚಾಲಕನಾಗಿದ್ದವನು, ಈಗ ನಿವೃತ್ತ. ಮೊದಲು ನಂಬರ್ ಪ್ಲೇಟ್ ಓದುವುದನ್ನು ಹೇಳಿಕೊಡುತ್ತೇನೆ. ಬಾಣದ ಮುಂದಿನ ಎರಡು ಅಂಕಿ ಎಂದರೆ ಸೇನೆ ಆ ಗಾಡಿಯನ್ನು ಪಡೆದ ವರ್ಷ. ಆಮೇಲೆ ಒಂದು ಅಕ್ಷರ, ಕ್ರಮಸಂಖ್ಯೆ, ಕೊನೆಯಲ್ಲಿ ಗಾಡಿಯ ವರ್ಗ ಸೂಚಿಸುವ ಅಕ್ಷರ. 94 ಎಂದರೆ 1994ರಲ್ಲಿ ಬಂದ ಶಕ್ತಿಮಾನ್. ಮಾದರಿ 1971ಕ್ಕೆ ಸರಿ, ಆದರೆ ಈ ಗಾಡಿ ಆಗ ಹುಟ್ಟಿರಲಿಲ್ಲ. ಚಿತ್ರವನ್ನು ತೆಗೆದದ್ದು 1994ರ ನಂತರ ಎಂಬುದು ಇದರಿಂದಲೇ ಖಚಿತ.

ಸೇನೆಯ ಗಾಡಿಯೋ ವೇಷದ ಗಾಡಿಯೋ ಎಂದು ತಿಳಿಯಲು ನಾವು ಬಣ್ಣ ನೋಡುವುದಿಲ್ಲ. ಹಿಂದೆ ಹೋಗಿ ಬಗ್ಗಿ ನೋಡುತ್ತೇವೆ. ಹಿಂದಿನ ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಗುಂಡಿಗೆ, ಅಂದರೆ ಗೇರುಗಳನ್ನು ಮುಚ್ಚಿದ ಉಬ್ಬಿಗೆ, ಬಿಳಿ ಬಣ್ಣ ಬಳಿದಿರುತ್ತದೆ. ರಾತ್ರಿ ದೀಪವಾರಿಸಿ ಸಾಲಾಗಿ ಹೋಗುವಾಗ ಒಂದು ಸಣ್ಣ ದೀಪ ಮಾತ್ರ ಆ ಬಿಳಿ ಗುಂಡಿನ ಮೇಲೆ ಬೆಳಕು ಬಿಡುತ್ತದೆ. ಹಿಂದಿನ ಚಾಲಕ ಅದನ್ನೇ ನೋಡಿಕೊಂಡು ಬರಬೇಕು. ಮೇಲಿನಿಂದ ವಿಮಾನಕ್ಕೆ ಕಾಣುವುದಿಲ್ಲ. ಗುಡ್ಡದ ದಾರಿಯಲ್ಲಿ ಇಡೀ ರಾತ್ರಿ ಆ ಬಿಳಿ ಚುಕ್ಕೆಯನ್ನೇ ದಿಟ್ಟಿಸಿ ಓಡಿಸಿದವನಿಗೆ ಕಣ್ಣು ಮುಚ್ಚಿದರೂ ಅದೇ ಕಾಣುತ್ತಿರುತ್ತದೆ. ಸಿನಿಮಾದವರು ಮುಂಭಾಗವನ್ನು ಎಷ್ಟು ಚೆನ್ನಾಗಿ ಸಿಂಗರಿಸಿದರೂ ಇದೊಂದನ್ನು ಮರೆಯುತ್ತಾರೆ.

ಮುಂದೆ ಹಳದಿ ವೃತ್ತದಲ್ಲಿ ಒಂದು ಸಂಖ್ಯೆಯೂ ಇರಬೇಕು. ಅದು ಸೇತುವೆಯ ವರ್ಗ. ಎಷ್ಟು ಭಾರದ ಸೇತುವೆಯ ಮೇಲೆ ಈ ಗಾಡಿ ಹೋಗಬಹುದು ಎಂಬ ಗುರುತು.

ಮಡಗಾಂವ್ ಮಳೆ, ಗೋವಾ

ಹವಾಲ್ದಾರರೇ, ಇಂಥ ವಿವರವನ್ನು ಇನ್ನೂ ಬರೆಯಿರಿ. ನನ್ನದು ಬಡಪಾಯಿ ಪ್ರಶ್ನೆ. ಕೋಟಿಗಟ್ಟಲೆ ಸುರಿಯುವವರು ಕಾಲಕ್ಕೆ ಸರಿಯಾದ ನಾಲ್ಕು ಲಾರಿ ತರಲಾರರೇ? ನಾನು ಲಾರಿ ಬಲ್ಲವನಲ್ಲ, ಜೀಪ್ ಬಲ್ಲೆ. ಎರಡನೆಯ ಮಹಾಯುದ್ಧದ ಕಥೆಯಲ್ಲಿ ಎತ್ತರದ ಬಾನೆಟ್ಟಿನ ಜೀಪ್ ಬಂದರೆ ಅಲ್ಲಿಗೆ ನನ್ನ ಸಿನಿಮಾ ಮುಗಿಯುತ್ತದೆ. ಆ ಬಾನೆಟ್ ಬಂದದ್ದು 1950ರ ದಶಕದ ಸಿಜೆ3ಬಿ ಮಾದರಿಯಲ್ಲಿ. ನಮ್ಮಲ್ಲಿ ಮಹೀಂದ್ರ ಅದನ್ನೇ ದಶಕಗಟ್ಟಲೆ ತಯಾರಿಸಿತು. ಯುದ್ಧಕಾಲದ ವಿಲ್ಲಿಸ್ ಜೀಪಿನ ಮುಖದಲ್ಲಿ ಒಂಬತ್ತು ಸೀಳು, ನಾಗರಿಕರಿಗೆಂದು ಬಂದ ಜೀಪಿನಲ್ಲಿ ಏಳು. ಬೆರಳೆಣಿಸಿ ಹೇಳಬಹುದಾದ ಸಂಗತಿ ಇದು.

ಗೋರೆಗಾಂವ್ ಕಲಾ ವಿಭಾಗ, ಮುಂಬೈ

ಮಡಗಾಂವ್ ಅವರಿಗೆ: ತರಲಾರರು. ನಾನು ಆ ಕೆಲಸದಲ್ಲೇ ಇರುವವನು, ಹೊಟ್ಟೆಪಾಡು ಅದೇ. ದಾರಿ ಎರಡು. ಒಂದು, ಚಿತ್ರಕಥೆಯನ್ನು ರಕ್ಷಣಾ ಇಲಾಖೆಗೆ ಕೊಟ್ಟು, ಒಪ್ಪಿಗೆ ಪಡೆದು, ಸೇನೆಯಿಂದಲೇ ಗಾಡಿ ಪಡೆಯುವುದು. ಆಗ ಹತ್ತಿರದ ಘಟಕದ ಶೆಡ್ಡಿನಲ್ಲಿ ಏನಿದೆಯೋ ಅದೇ ಬರುತ್ತದೆ. ಅವರು 1971ರ ಲಾರಿಯನ್ನು ಯಾಕೆ ಇಟ್ಟುಕೊಂಡಿರುತ್ತಾರೆ? ಸ್ಟಾಲಿಯನ್ ಕೊಡುತ್ತಾರೆ, ನಾವು ಕೈಮುಗಿದು ತೆಗೆದುಕೊಳ್ಳುತ್ತೇವೆ. ಇನ್ನೊಂದು, ಸೇನೆ ಹರಾಜಿನಲ್ಲಿ ಮಾರಿದ ಹಳೆಯ ಗಾಡಿಗಳನ್ನು ಇಟ್ಟುಕೊಂಡು ಬಾಡಿಗೆಗೆ ಕೊಡುವವರ ಬಳಿ ಹೋಗುವುದು. ಅಲ್ಲಿ ಓಡುವ ಸ್ಥಿತಿಯಲ್ಲಿರುವವು ಕಡಿಮೆ, ಬಾಡಿಗೆ ದುಬಾರಿ. ಸಾಲಿನಲ್ಲಿ ಹತ್ತು ಲಾರಿ ಬೇಕೆಂದರೆ ಎರಡು ಅಸಲಿ, ಮಿಕ್ಕವು ವೇಷದವು.

ವೇಷಕ್ಕೂ ತೊಡಕಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ ಮೀಸಲು. ಖಾಸಗಿ ಲಾರಿಗೆ ಅದನ್ನು ಬಳಿದು ರಸ್ತೆಗಿಳಿಸಿದರೆ ಪೊಲೀಸರು ಹಿಡಿಯುತ್ತಾರೆ. ಆದ್ದರಿಂದ ಸೆಟ್ಟಿಗೆ ಬಂದ ಮೇಲೆ ತೊಳೆದರೆ ಹೋಗುವಂಥ ಬಣ್ಣ ಬಳಿಯುತ್ತೇವೆ, ಮುಗಿದ ಮೇಲೆ ತೊಳೆದು ಕಳಿಸುತ್ತೇವೆ. ಮಳೆಯ ದೃಶ್ಯದಲ್ಲಿ ಸೇನಾ ಲಾರಿಯ ಬಾಗಿಲಿನ ಕೆಳಗೆ ಹಸಿರು ನೀರು ಇಳಿಯುತ್ತಿದ್ದರೆ ನಮ್ಮನ್ನು ನೆನೆಸಿಕೊಳ್ಳಿ.

ಇದು ನಮ್ಮಲ್ಲಿ ಮಾತ್ರವೂ ಅಲ್ಲ. ಎರಡನೆಯ ಮಹಾಯುದ್ಧದ ಅರ್ಡೆನ್ಸ್ ಕದನದ ಬಗ್ಗೆ 1965ರಲ್ಲಿ ಬಂದ ಹಾಲಿವುಡ್ ಚಿತ್ರವನ್ನು ಸ್ಪೇನಿನಲ್ಲಿ ತೆಗೆದರು. ಅಲ್ಲಿನ ಸೇನೆಯ ಬಳಿ ಇದ್ದದ್ದು ಅಮೆರಿಕದ ಎಂ47 ಪ್ಯಾಟನ್. ಅದೇ ಜರ್ಮನಿಯ ಟೈಗರ್ ಟ್ಯಾಂಕ್ ಆಯಿತು.

ತೀರ್ಥಹಳ್ಳಿ ಟಿಂಬರ್, ಪುಣೆ

ವಿಷಯ ಸ್ವಲ್ಪ ಆಚೆಗೆ ಹೋಗುತ್ತದೆ, ಕ್ಷಮಿಸಿ. ನಮ್ಮ ಕಡೆ ಕಾಡಿನಿಂದ ಮರ ಎಳೆಯಲು ಹಳೆಯ ಮಿಲಿಟರಿ ಲಾರಿಗಳೇ ಗತಿಯಾಗಿದ್ದವು. ಅವುಗಳಲ್ಲಿ ಒಂದರ ಮುಂಗಾಜು ವಿಚಿತ್ರವಾಗಿತ್ತು: ಮೇಲ್ತುದಿ ಮುಂದಕ್ಕೆ, ಕೆಳತುದಿ ಹಿಂದಕ್ಕೆ ವಾಲಿತ್ತು. ಮೂಗು ಇದ್ದೂ ಇಲ್ಲದಂತೆ, ಜಜ್ಜಿದ ಮುಖ. ಎಷ್ಟೋ ಕಾಲದ ಮೇಲೆ ತಿಳಿಯಿತು, ಅದು ಎರಡನೆಯ ಮಹಾಯುದ್ಧಕ್ಕಾಗಿ ಕೆನಡಾದ ಫೋರ್ಡ್ ಮತ್ತು ಷೆವರ್ಲೆ ಕಾರ್ಖಾನೆಗಳು ಬ್ರಿಟಿಷ್ ಸೇನೆಯ ಅಳತೆಗೆ ಮಾಡಿದ ಸಿಎಂಪಿ ಲಾರಿ. ಗಾಜು ಹಾಗೆ ವಾಲಿದ್ದರೆ ಬಿಸಿಲು ಪ್ರತಿಫಲಿಸಿ ವಿಮಾನದವರ ಕಣ್ಣಿಗೆ ಹೊಳೆಯುವುದಿಲ್ಲ. ಬರ್ಮಾ ಯುದ್ಧದ ಕಥೆ ತೆಗೆಯುವವರು ಇಂಥದೊಂದನ್ನು ತೋರಿಸಿದರೆ ನಾನು ಎದ್ದು ನಿಂತು ಚಪ್ಪಾಳೆ ತಟ್ಟುತ್ತೇನೆ.

ನಿರ್ವಾಹಕರು

ತೀರ್ಥಹಳ್ಳಿಯವರೇ, ಸಿಎಂಪಿಗೆ ಬೇರೆಯದೇ ಚರ್ಚೆ ತೆರೆಯಿರಿ, ಅಲ್ಲಿಗೂ ಎಲ್ಲರೂ ಬರುತ್ತಾರೆ. ಇಲ್ಲಿ ಎರಡನೆಯ, ಮೂರನೆಯ ಫ್ರೇಮ್ ಬಾಕಿ ಇವೆ.

ಕೊಡಗಿನ ಜೊಂಗಾ, ಮುಂಬೈ

ಎರಡನೆಯದು ಡಾಡ್ಜ್ ಅಲ್ಲ. ನಿಸಾನ್ ಒಂದು ಟನ್. ಜಬಲ್ಪುರದಲ್ಲಿಯೇ ಜಪಾನಿನ ನಿಸಾನ್ ಪರವಾನಗಿಯಲ್ಲಿ ಮಾಡಿದ ಕ್ಯಾರಿಯರ್. ಅದೇ ಪರವಾನಗಿಯ ತಮ್ಮ ನಮ್ಮ ಜೊಂಗಾ, ಅಂದರೆ ನಿಸಾನ್ ಪೆಟ್ರೋಲ್ ಎಂಬ ಪಿ60 ಮಾದರಿಯ ಜೀಪ್. (ಪೆಟ್ರೋಲ್ ಎಂದರೆ ಗಸ್ತು, ಇಂಧನವಲ್ಲ. ಆದರೆ ಅದು ಕುಡಿಯುತ್ತಿದ್ದದ್ದು ಆ ಪೆಟ್ರೋಲನ್ನೇ, ಅದೂ ಕೊಡಗಟ್ಟಲೆ.) ಜೊಂಗಾ ಎಂಬ ಹೆಸರು ಜಬಲ್ಪುರದ ಕಾರ್ಖಾನೆಗಳ ಇಂಗ್ಲಿಷ್ ಮೊದಲಕ್ಷರಗಳಿಂದ ಬಂದದ್ದು. ನಮ್ಮ ಊರಿನಲ್ಲಿ ನಿವೃತ್ತ ಸೈನಿಕರ ಮನೆಗಳ ಮುಂದೆ ಈಗಲೂ ನಿಂತಿವೆ. ನಾಲ್ಕು ಲೀಟರಿನ ಆರು ಸಿಲಿಂಡರ್ ಎಂಜಿನ್, ಕಾಫಿ ತೋಟದ ಏರಿಗೆ ಹೇಳಿ ಮಾಡಿಸಿದ್ದು.

ನಿಸಾನ್ ಒಂದು ಟನ್ನಿಗೂ ಡಾಡ್ಜಿಗೂ ಹೋಲಿಕೆ ಇದ್ದೇ ಇದೆ, ಅಲ್ಲಗಳೆಯುವುದಿಲ್ಲ. ಯುದ್ಧಾನಂತರದ ಜಪಾನಿನಲ್ಲಿ ಈ ವರ್ಗದ ಗಾಡಿಗಳು ರೂಪುಗೊಂಡದ್ದೇ ಅಮೆರಿಕದ ಡಾಡ್ಜ್ ನೋಡಿಕೊಂಡು. ಆದರೆ ಭಾರತದಲ್ಲಿ ತೆಗೆದ ಚಿತ್ರದಲ್ಲಿ ಈ ಮುಖ ಕಂಡರೆ ನೂರಕ್ಕೆ ತೊಂಬತ್ತೊಂಬತ್ತು ಪಾಲು ಅದು ನಿಸಾನ್.

ಡಾಡ್ಜ್ ಭಕ್ತ, ಮುಂಬೈ

ಸ್ಟೀರಿಂಗ್ ಎಡಗಡೆ ಇದೆ ಸ್ವಾಮಿ. ಜಬಲ್ಪುರದ ನಿಸಾನ್ ಬಲಗಡೆಯದು. ನಿಮ್ಮ ತೊಂಬತ್ತೊಂಬತ್ತು ಪಾಲು ನಿಮಗಿರಲಿ, ಉಳಿದ ಒಂದು ಪಾಲು ನನ್ನದು.

ಕೊಡಗಿನ ಜೊಂಗಾ, ಮುಂಬೈ

ಸಿನಿಮಾಕ್ಕಾಗಿ ಸ್ಟೀರಿಂಗ್ ಬದಲಾಯಿಸಿರಬಹುದು.

ಪಿಂಪ್ರಿ ಫಿಟ್ಟರ್, ಪುಣೆ

ಒಂದು ದೃಶ್ಯಕ್ಕಾಗಿ ಸ್ಟೀರಿಂಗ್ ಬಾಕ್ಸ್, ಕಾಲಂ, ಪೆಡಲ್, ಲಿಂಕೇಜ್ ಎಲ್ಲವನ್ನೂ ಈ ಕಡೆಯಿಂದ ಆ ಕಡೆಗೆ ಹಾಕುವವರನ್ನು ನಾನು ನೋಡಬೇಕು. ಅಷ್ಟು ಹಣವಿದ್ದರೆ ಹಿಂದಿನ ಸ್ಟಾಲಿಯನ್ ಬದಲಾಯಿಸುತ್ತಿದ್ದರು.

ಡಾಡ್ಜ್ ಭಕ್ತ, ಮುಂಬೈ

ಕೇಳಿಸಿತೇ? ಕಾರ್ಖಾನೆಯವರೇ ನನ್ನ ಪರವಾಗಿದ್ದಾರೆ.

ಮಾಟುಂಗಾ ಟೀಚರ್, ಮುಂಬೈ

ನನಗೆ ಲಾರಿಯ ಗಂಧಗಾಳಿ ಇಲ್ಲ. ಶಾಲೆಯ ನಾಟಕಗಳಿಗೆ ವೇಷ ಹೊಲಿಸಿ ಹೊಲಿಸಿ ಉಡುಪಿನ ಕಡೆಗೆ ಕಣ್ಣು ಹೋಗುತ್ತದೆ. ಎರಡನೆಯ ಫ್ರೇಮಿನ ಆ ಮೇಜರನ ಎದೆಯ ಮೇಲಿನ ಪದಕದ ಪಟ್ಟಿಗಳು ಬಲಗಡೆ ಇವೆ. ಸೇನೆಯಲ್ಲಿ ಅವು ಎಡ ಎದೆಯ ಮೇಲಲ್ಲವೇ ಇರುವುದು? ಅಂಗಿಯ ಗುಂಡಿಪಟ್ಟಿಯೂ ಹೆಂಗಸರ ಅಂಗಿಯಂತೆ ಬಲಭಾಗ ಮೇಲೆ ಬಂದಿದೆ. ಕೈಗಡಿಯಾರ ಬಲಗೈಯಲ್ಲಿದೆ. ಒಂದಾದರೆ ಉಡುಪಿನವರ ಅಜಾಗರೂಕತೆ ಎನ್ನಬಹುದು, ಮೂರೂ ಒಟ್ಟಿಗೆ ಹೇಗೆ ತಪ್ಪುತ್ತವೆ?

ದೇಹು ರೋಡ್ ಹವಾಲ್ದಾರ್, ಪುಣೆ

ಟೀಚರ್, ನಿಮಗೊಂದು ಸೆಲ್ಯೂಟ್. ಪಟ್ಟಿಗಳು ಎಡ ಎದೆಯ ಮೇಲೇ ಇರಬೇಕು, ನಮ್ಮಲ್ಲೂ ಅವರಲ್ಲೂ. ಬಲಗಡೆ ಇರುವುದು ಹೆಸರಿನ ಪಟ್ಟಿ.

ಗೋರೆಗಾಂವ್ ಕಲಾ ವಿಭಾಗ, ಮುಂಬೈ

ಹಾಗಾದರೆ ಇದು ತಿರುಗಿಸಿದ ಫ್ರೇಮ್. ಸಂಕಲನದ ಮೇಜಿನ ಮೇಲೆ ಬಲವನ್ನು ಎಡ ಮಾಡಿದ್ದಾರೆ. ಯಾಕೆಂದು ಹೇಳುತ್ತೇನೆ. ಯುದ್ಧದ ದೃಶ್ಯಗಳಲ್ಲಿ ನಮ್ಮವರು ಪರದೆಯ ಎಡದಿಂದ ಬಲಕ್ಕೆ ಸಾಗಿದರೆ ಶತ್ರು ಬಲದಿಂದ ಎಡಕ್ಕೆ ಮುಖಮಾಡಿರಬೇಕು. ದಿಕ್ಕು ಕಲಸಿಹೋದರೆ ಯಾರು ಯಾರ ಮೇಲೆ ಗುಂಡು ಹಾರಿಸುತ್ತಿದ್ದಾರೆ ಎಂದು ಪ್ರೇಕ್ಷಕನಿಗೆ ತಿಳಿಯುವುದಿಲ್ಲ. ಚಿತ್ರೀಕರಣದ ದಿನ ಯಾರೋ ಕ್ಯಾಮೆರಾವನ್ನು ತಪ್ಪು ಬದಿಯಲ್ಲಿ ಇಟ್ಟಿದ್ದಾರೆ. ಮರಳುಗಾಡಿಗೆ ಇನ್ನೊಮ್ಮೆ ಎಲ್ಲರನ್ನೂ ಕರೆದೊಯ್ಯುವ ಬದಲು ಚಿತ್ರವನ್ನೇ ಮಗುಚಿದ್ದಾರೆ. ಬಾನೆಟ್ ಮೇಲೆ ಅಕ್ಷರವಿಲ್ಲ, ನಂಬರ್ ಪ್ಲೇಟ್ ಕಾಣುವುದಿಲ್ಲ, ಅದಕ್ಕೇ ಧೈರ್ಯ ಮಾಡಿದ್ದಾರೆ.

ಕೊಡಗಿನ ಜೊಂಗಾ, ಮುಂಬೈ

ಅಂದರೆ ಅಸಲಿನಲ್ಲಿ ಸ್ಟೀರಿಂಗ್ ಬಲಗಡೆ. ಅಂದರೆ ನಿಸಾನ್. ಟೀಚರಮ್ಮನವರಿಗೆ ನಮ್ಮ ತೋಟದ ಕಾಫಿಪುಡಿ ಮಾಟುಂಗಾಕ್ಕೇ ತಲುಪುತ್ತದೆ.

ಡಾಡ್ಜ್ ಭಕ್ತ, ಮುಂಬೈ

ತಾಳಿ ತಾಳಿ. ಫ್ರೇಮ್ ತಿರುಗಿಸಿದ್ದಾರೆ ಎಂದರೆ ಸ್ಟೀರಿಂಗ್ ಬಲಗಡೆ ಎಂದಷ್ಟೇ ಆಯಿತು. ನಿಸಾನ್ ಎಂದು ಹೇಗಾಯಿತು? ಬಲಗಡೆ ಸ್ಟೀರಿಂಗಿನ ಡಾಡ್ಜ್ ಲೋಕದಲ್ಲೇ ಇಲ್ಲವೇ?

ಬೆಳಗಾವಿ ಕಡೆಯವಳು, ಪುಣೆ

ನೀವು ಹಿಡಿದ ಮೊಲಕ್ಕೆ ಮೂರೇ ಕಾಲು ಇರಲಿ ಅಣ್ಣ, ಸ್ಟೀರಿಂಗ್ ಮಾತ್ರ ಎರಡೂ ಕಡೆ ಇಡಬೇಡಿ. ಎಡಗಡೆ ಇದ್ದಾಗ ಅದೇ ದೊಡ್ಡ ಸಾಕ್ಷಿ ಎಂದವರು ನೀವೇ.

ಪಿಂಪ್ರಿ ಫಿಟ್ಟರ್, ಪುಣೆ

ಅವರಿಬ್ಬರು ಕಾದಾಡಲಿ, ನಾನು ಮೂರನೆಯದನ್ನು ಮುಗಿಸುತ್ತೇನೆ. ಯಾರೂ ಹಬ್ ನೋಡಿದಂತಿಲ್ಲ.

ನಾಲ್ಕೂ ಚಕ್ರಕ್ಕೆ ಚಾಲನೆ ಇರುವ ಲಾರಿಯಲ್ಲಿ ಮುಂದಿನ ಚಕ್ರಕ್ಕೂ ಎಂಜಿನ್ ಶಕ್ತಿ ಹೋಗಬೇಕು. ಆದ್ದರಿಂದ ಚಕ್ರದ ನಡುವೆ ದಪ್ಪ ಫ್ಲಾಂಜ್ (ಉಕ್ಕಿನ ಬಿಲ್ಲೆ) ಹೊರಚಾಚಿರುತ್ತದೆ, ಸುತ್ತಲೂ ಬೋಲ್ಟ್. ಸಾಮಾನ್ಯ ಸರಕು ಲಾರಿಯ ಮುಂಚಕ್ರ ಸುಮ್ಮನೆ ಉರುಳುವುದಷ್ಟೇ, ಅಲ್ಲಿ ಬೇರಿಂಗ್ ಮುಚ್ಚುವ ಸಣ್ಣ ಟೋಪಿ ಇದ್ದರೆ ಸಾಕು. ಈ ಫ್ರೇಮಿನಲ್ಲಿ ಟಾರ್ಚಿನ ಬೆಳಕು ಬಿದ್ದಿರುವುದು ಆ ಸಣ್ಣ ಟೋಪಿಯ ಮೇಲೆ. ಹಿಂಚಕ್ರ ಜೋಡಿ ಟೈರಿನದು, ಟೈರಿನ ಹಲ್ಲು ಹೆದ್ದಾರಿಯದು, ಮರಳಿಗೆ ಬೇಕಾದ ಒರಟು ಹಲ್ಲಲ್ಲ. ಗಾಡಿ ನೆಲಕ್ಕೆ ಹತ್ತಿರವಾಗಿದೆ. ಇದು ಸೇನೆಯ ಲಾರಿಯೇ ಅಲ್ಲ. ನಾಸಿಕದಿಂದ ಈರುಳ್ಳಿ ತರುವ ಜಾತಿಯದು.

ಹೆಸರು: ಟಾಟಾ 1210 ಎಸ್‌ಇ. ಬಾನೆಟ್ ಅರ್ಧ ಒಳಗೆ ಅರ್ಧ ಹೊರಗೆ ಇರುವ ಮೊಂಡು ಮೂಗೇ ಅದರ ಗುರುತು. ಸಂಖ್ಯೆಯ ಅರ್ಥವನ್ನೂ ಹೇಳಿಬಿಡುತ್ತೇನೆ, ಬಹಳ ಜನ ಕೇಳುತ್ತಾರೆ. ಮೊದಲ ಭಾಗ ಭಾರ ತುಂಬಿದ ಲಾರಿಯ ಒಟ್ಟು ತೂಕ ಟನ್ನಿನಲ್ಲಿ, ಕೊನೆಯ ಭಾಗವನ್ನು ಹತ್ತರಿಂದ ಗುಣಿಸಿದರೆ ಎಂಜಿನ್ನಿನ ಅಶ್ವಶಕ್ತಿ. 1210 ಎಂದರೆ ಸುಮಾರು 12 ಟನ್, 100 ಅಶ್ವಶಕ್ತಿ. 407 ಎಂದರೆ 4 ಟನ್, 70. ಸೇನೆಯ ಎಲ್‌ಪಿಟಿಎ 713 ಎಂದರೆ 7 ಟನ್, 130. ಅದರಲ್ಲಿನ ಕೊನೆಯ ‘ಎ’ ನಾಲ್ಕು ಚಕ್ರದ ಚಾಲನೆಗೆ. 1954ರಿಂದ 1969ರವರೆಗೆ ಮರ್ಸಿಡಿಸ್-ಬೆಂಜ್ ಜೊತೆಗಿದ್ದ ಸಹಯೋಗದಿಂದ ಉಳಿದ ಲೆಕ್ಕ ಇದು. ಆ ಕಾಲದ ಲಾರಿಗಳ ಮುಖದ ಮೇಲೆ ಮೂರು ಮೊನೆಯ ನಕ್ಷತ್ರವೇ ಇರುತ್ತಿತ್ತು.

ಮಡಗಾಂವ್ ಮಳೆ, ಗೋವಾ

ಈರುಳ್ಳಿ ಲಾರಿಗೆ ಕೆಂಪು ಶಿಲುಬೆ! ಸದ್ದು ಕೇಳಿಯಾದರೂ ನಮಗೆ ಗೊತ್ತಾಗಬೇಕಿತ್ತಲ್ಲ?

ಗೋರೆಗಾಂವ್ ಕಲಾ ವಿಭಾಗ, ಮುಂಬೈ

ಸದ್ದನ್ನು ನಂಬಲೇಬೇಡಿ. ಎಂಜಿನ್ ಸದ್ದು ಆಮೇಲೆ ಸ್ಟುಡಿಯೋದಲ್ಲಿ ಸೇರಿಸಿದ್ದು. ಪೆಟ್ರೋಲ್ ಜೀಪು ಡೀಸೆಲ್ಲಿನಂತೆ ಬಡಿದುಕೊಳ್ಳುತ್ತ ಹೋಗುವ ಚಿತ್ರಗಳು ಬೇಕಾದಷ್ಟಿವೆ.

ಬೆಮೆಲ್ ಬಡಾವಣೆ, ಪುಣೆ

ತಡವಾಗಿ ಬಂದೆ. ಬೆಂಗಳೂರಿನವನಾಗಿ ಟಾಟ್ರಾ ವಿಷಯ ಹೇಳದೆ ಹೋದರೆ ಮನೆಯಲ್ಲಿ ಊಟ ಹಾಕುವುದಿಲ್ಲ. ಚೆಕೊಸ್ಲೊವಾಕಿಯಾದ ಟಾಟ್ರಾ ಲಾರಿಗಳನ್ನು ನಮ್ಮೂರಿನ ಸರ್ಕಾರಿ ಕಂಪನಿ ಬೆಮೆಲ್ 1986ರಿಂದ ಸೇನೆಗೆ ಕೊಟ್ಟಿತು. ಪಿನಾಕ ರಾಕೆಟ್, ಸೇತುವೆ, ಕ್ಷಿಪಣಿ ಎಲ್ಲ ಅದರ ಬೆನ್ನೇರಿವೆ. ಎಂಟು ಚಕ್ರ, ಗಾಳಿಯಿಂದ ತಣಿಯುವ ಎಂಜಿನ್, ಚೌಕಟ್ಟಿನ ಬದಲು ನಡುವೆ ಒಂದೇ ಉಕ್ಕಿನ ಕೊಳವೆ. ಆ ಕೊಳವೆಯಿಂದ ಎರಡೂ ಕಡೆಗೆ ಅರ್ಧ ಆಕ್ಸಲ್‌ಗಳು ಬಿಡಿಬಿಡಿಯಾಗಿ ತೂಗಾಡುತ್ತವೆ. ಗಾಡಿ ಖಾಲಿ ಇದ್ದಾಗ ಚಕ್ರಗಳ ಕೆಳತುದಿ ಒಳಕ್ಕೆ ಮಡಚಿಕೊಂಡಂತೆ ಕಾಣುತ್ತದೆ, ಭಾರ ಹೇರಿದಾಗ ನೆಟ್ಟಗಾಗುತ್ತದೆ. ಈಗಿನ ಚಿತ್ರಗಳಲ್ಲಿ ಟಾಟ್ರಾ ಮೇಲೆ ಭಾರಿ ಕ್ಷಿಪಣಿ ನಿಂತಿದ್ದು, ಕೆಳಗೆ ಚಕ್ರಗಳು ಮಡಚಿಕೊಂಡೇ ಇದ್ದರೆ ಆ ಕ್ಷಿಪಣಿ ಥರ್ಮಾಕೋಲಿನದು ಎಂದು ತಿಳಿಯಿರಿ.

ಅಂದಹಾಗೆ ಡಾಡ್ಜ್ ಅಣ್ಣನವರು ಭಾರತದ ಸೇನೆಯ ಗಾಡಿಗಳೆಲ್ಲ ಬಲಗಡೆಯವು ಎಂದರಲ್ಲ, ನಮ್ಮ ಟಾಟ್ರಾಗಳು ಎಡಗಡೆ ಸ್ಟೀರಿಂಗಿನವು. 2012ರಲ್ಲಿ ಆ ಖರೀದಿಯ ಗದ್ದಲವಾದಾಗ ಪತ್ರಿಕೆಗಳಲ್ಲಿ ಅದೂ ಒಂದು ದೂರಾಗಿತ್ತು.

ಡಾಡ್ಜ್ ಭಕ್ತ, ಮುಂಬೈ

ನಾನು ‘ಮಾಮೂಲಿ ಗಾಡಿಗಳು’ ಎಂದಿದ್ದೆ. ಎಂಟು ಚಕ್ರದ್ದು ಮಾಮೂಲಿಯೇ? ಖಡಕಿಯವರು ಎಲ್ಲಿ? ಪ್ರಶ್ನೆ ಹಾಕಿ ಮಲಗಿಬಿಟ್ಟರೇ? ಎರಡನೆಯ ಫ್ರೇಮಿನ ಹಿಂದುಮುಂದಿನ ದೃಶ್ಯ ಹಾಕಲಿ, ಇತ್ಯರ್ಥವಾಗಲಿ.

ಖಡಕಿ ಕನ್ನಡಿಗ, ಪುಣೆ

ಮಲಗಿಲ್ಲ, ಸಂತೋಷವಾಗಿ ಓದುತ್ತಿದ್ದೆ. ಭಕ್ತರು ಕೇಳಿದಂತೆ ಮುಂದಿನ ದೃಶ್ಯವನ್ನು ನಿಧಾನವಾಗಿ ಒಂದೊಂದೇ ಫ್ರೇಮ್ ಸರಿಸಿ ನೋಡಿದೆ. ಮೇಜರ್ ಗಾಡಿ ಹತ್ತಿ ಹೊರಡುತ್ತಾನೆ. ಈ ದೃಶ್ಯವನ್ನು ತಿರುಗಿಸಿಲ್ಲ: ಪದಕದ ಪಟ್ಟಿ ಎಡ ಎದೆಗೆ ಬಂದಿದೆ, ಸ್ಟೀರಿಂಗ್ ಬಲಕ್ಕೆ ಹೋಗಿದೆ. ಗಾಡಿ ದಿಬ್ಬ ಹತ್ತುವಾಗ ಹಿಂಭಾಗ ಮೇಲೇಳುತ್ತದೆ. ಅಲ್ಲಿ ಒಂದು ಕ್ಷಣ ಹಿಂದಿನ ಆಕ್ಸಲ್ ಕಾಣುತ್ತದೆ. ಡಿಫರೆನ್ಷಿಯಲ್ ಗುಂಡು ಅಚ್ಚ ಬಿಳಿ. ಫ್ರೇಮ್ 4 ಎಂದು ಹಾಕಿದ್ದೇನೆ, ಹವಾಲ್ದಾರರು ನೋಡಬೇಕು.

ದೇಹು ರೋಡ್ ಹವಾಲ್ದಾರ್, ಪುಣೆ

ನೋಡಿದೆ. ಬಿಳಿಯ ಬಳಿತ ಚೊಕ್ಕವಾಗಿದೆ, ಅಂಚಿನಲ್ಲಿ ಸೋರಿಲ್ಲ, ಮೇಲೆ ಪುಟ್ಟ ದೀಪದ ಬುಡವೂ ಇದೆ. ಇದು ಸೆಟ್ಟಿನವರ ಕೆಲಸವಲ್ಲ, ಸೇನಾ ಘಟಕದ ಎಂಟಿ (ವಾಹನ) ಶೆಡ್ಡಿನ ಕೆಲಸ. ಶತ್ರುವಿನ ಗಾಡಿ ನಮ್ಮದೇ ಘಟಕದ್ದು. ಬಾಗಿಲು, ಬಾನೆಟ್ಟಿಗೆ ಅವರ ಗುರುತು ಬಳಿದು, ಕೆಳಗೆ ಬಗ್ಗಿ ನೋಡುವುದನ್ನು ಬಿಟ್ಟಿದ್ದಾರೆ. ನಾನು ಓಡಿಸಿದ ನಿಸಾನ್ ಒಂದು ಟನ್ನಿನ ಹಿಂಭಾಗವೂ ಇದೇ. ಕೊಡಗಿನವರ ಉತ್ತರ ಸರಿ.

ಖಡಕಿ ಕನ್ನಡಿಗ, ಪುಣೆ

ಅಂಕಪಟ್ಟಿ: ಒಂದನೆಯದಕ್ಕೆ ಬೆಳಗಾವಿ ಅಕ್ಕನವರಿಗೆ ಶಕ್ತಿಮಾನ್, ಫಿಟ್ಟರರಿಗೆ ಸ್ಟಾಲಿಯನ್. ಎರಡನೆಯದಕ್ಕೆ ಕೊಡಗಿನವರಿಗೆ ಅರ್ಧ, ಟೀಚರಿಗೆ ಅರ್ಧ. ಮೂರನೆಯದು ಪೂರ್ತಿ ಫಿಟ್ಟರರಿಗೆ. ಹವಾಲ್ದಾರರಿಗೆ ಅಂಕ ಕೊಡುವಷ್ಟು ದೊಡ್ಡವನು ನಾನಲ್ಲ. ಅಹಮದ್‌ನಗರದ ಟ್ಯಾಂಕ್ ಸಂಗ್ರಹಾಲಯಕ್ಕೆ ಮಳೆ ನಿಂತ ಮೇಲೆ ಪುಣೆಯವರೆಲ್ಲ ಸೇರಿ ಹೋಗೋಣ ಎಂದಿದ್ದೇನೆ, ಅವರು ಬರಲು ಒಪ್ಪಿದ್ದಾರೆ. ಬರುವವರು ಕೆಳಗೆ ಹೆಸರು ಹಾಕಿ.

ಮಾಟುಂಗಾ ಟೀಚರ್, ಮುಂಬೈ

ಮುಂಬೈಯವರಿಗೆ ಪ್ರವೇಶವಿಲ್ಲವೇ? ಕಾಫಿಪುಡಿ ಹಿಡಿದುಕೊಂಡು ಬರುತ್ತೇನೆ.

ಡಾಡ್ಜ್ ಭಕ್ತ, ಮುಂಬೈ

ನನ್ನ ಹೆಸರೂ ಹಾಕಿ. ಎರಡನೆಯ ಫ್ರೇಮಿನ ಬಗ್ಗೆ ನನ್ನ ಅಂತಿಮ ನಿಲುವು: ಆ ಮೇಜರ್ ನಮ್ಮ ನಿಸಾನ್ ಕದ್ದುಕೊಂಡು ಹೋಗಿದ್ದಾನೆ. ಅವನ ಸ್ವಂತ ಎಂ37 ಅಲ್ಲೇ ಡೇರೆಯ ಹಿಂದೆ ನಿಂತಿದೆ, ಕ್ಯಾಮೆರಾ ಆ ಕಡೆ ತಿರುಗಲಿಲ್ಲ.